ನಾಲೆಯ ಕೊನೆಯ ತೂಬು

ಭದ್ರಾ ನಾಲೆಯ ಕೊನೆ ಭಾಗದಲ್ಲಿ ಗದ್ದೆ ಇರುವವರಿಗೆ ಅರ್ಥಶಾಸ್ತ್ರವನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಅಣೆಕಟ್ಟೆಯಲ್ಲಿ ನೀರು ಇಳಿದ ವರ್ಷ ಮೊದಲು ಬಾಯಿ ಬಿಡುವುದು ಕೊನೆಯ ತೂಬಿನ ಕೆಳಗಿನ ಗದ್ದೆಯೇ. ಹರಿಹರ ತಾಲ್ಲೂಕಿನ ನಮ್ಮ ಕಡರನಾಯಕನಹಳ್ಳಿಯಲ್ಲಿ ಹಿರಿಯರು, "ಬಂದಾಗ ಮೇಲಿನೋರಿಗೆ ಮೊದ್ಲು, ನಿಂತಾಗ ನಮಗೆ ಮೊದ್ಲು" ಅನ್ನುತ್ತಿದ್ದರು. ಏಡ್ಸ್ ಕಾಯಿಲೆಗೆಂದು ಬಂದ ಹಣದ ಚರಿತ್ರೆಯನ್ನು ಓದುವಾಗೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅದನ್ನು ಕಂಡುಹಿಡಿದರು. ಅದು ಊರೂರಿಗೆ ಕಾಲಿಡುವ ಹೊತ್ತಿಗೆ ದೇಶದ ಬೊಕ್ಕಸ ಬರಿದಾಗಿತ್ತು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಒತ್ತೆ ಕಳಿಸಬೇಕಾಯಿತು. ಮರುವರ್ಷ, 1992ರಲ್ಲಿ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಹುಟ್ಟಿತು. ಅದರ ಮೊದಲ ಹಂತದ ಕೆಲಸಕ್ಕೆ ವಿಶ್ವಬ್ಯಾಂಕು ಕೊಟ್ಟದ್ದು 8 ಕೋಟಿ 40 ಲಕ್ಷ ಡಾಲರ್. ಅದು ದಾನವಲ್ಲ, ಸಾಲ. ಬಂಗಾರ ಒತ್ತೆಯಿಟ್ಟ ಮನೆಯವರು ಔಷಧಕ್ಕೆ ಕೈಗಡ ತಂದ ಹಾಗೆ. ಆ ಹಣದಲ್ಲಿ ರಕ್ತದ ತಪಾಸಣೆ ನಡೆಯಿತು, ಪ್ರಚಾರ ನಡೆಯಿತು. ರೋಗ ತಗುಲಿದವರಿಗೆ ಮಾತ್ರೆ ಕೊಡುವಷ್ಟು ದೊಡ್ಡದಾಗಿರಲಿಲ್ಲ ಆ ಗಂಟು.

ಇತ್ತ ನಮ್ಮ ಸೀಮೆಯಲ್ಲಿ ಬೇರೆಯದೇ ಕಥೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸೈರನ್ನು ಒಂದೊಂದಾಗಿ ನಿಂತವು. ಲೇತು ಯಂತ್ರಗಳಿಗೆ ಹೆಸರಾಗಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ 2000ದ ಆಸುಪಾಸಿನಲ್ಲಿ ಬಾಗಿಲು ಹಾಕಿತು. ಕೆಲಸ ಹೋದ ಮನೆಗಳ ಹುಡುಗರು ಪುಣೆ–ಬೆಂಗಳೂರು ಹೆದ್ದಾರಿಯ ಲಾರಿ ಹತ್ತಿದರು, ಇಲ್ಲವೆ ದೂರದ ಊರುಗಳಿಗೆ ದುಡಿಯಲು ಹೋದರು. ಗಿರಣಿ ಮುಚ್ಚಿದ್ದರಿಂದಲೇ ಕಾಯಿಲೆ ಹಬ್ಬಿತು ಎಂದು ನಾನು ಹೇಳಲಾರೆ. ಆದರೆ ತಿಂಗಳುಗಟ್ಟಲೆ ಮನೆ ಬಿಟ್ಟಿರಬೇಕಾದ ದುಡಿಮೆಯ ಜೊತೆಗೇ ಈ ಸೋಂಕು ಪ್ರಯಾಣ ಮಾಡುತ್ತದೆ ಎಂಬುದು ಎಲ್ಲರೂ ಒಪ್ಪಿದ ಸಂಗತಿ. ಆರ್ಥಿಕ ಮುಗ್ಗಟ್ಟು ಒಂದು ಕೈಯಲ್ಲಿ ಜನರನ್ನು ರೋಗದ ದಾರಿಗೆ ತಳ್ಳುತ್ತದೆ, ಇನ್ನೊಂದು ಕೈಯಲ್ಲಿ ರೋಗ ತಡೆಯುವ ಹಣವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ನಮ್ಮ ಓಣಿಯಲ್ಲೂ ಒಬ್ಬ ಲಾರಿ ಡ್ರೈವರ್ ಇದ್ದ. 1998ರಲ್ಲಿ ಸೊರಗಿ ಸೊರಗಿ ತೀರಿಕೊಂಡ. ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಣ್ಣಿಗೆ ಬಂದವರೂ ಕೈಬೆರಳೆಣಿಕೆಯಷ್ಟು. ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಸೋಂಕು ಆಕೆಗೂ ತಗುಲಿತ್ತು. ಆಕೆ ಇಂದಿಗೂ ಬದುಕಿರುವುದಕ್ಕೆ ಕಾರಣ ನಡುವೆ ಬಂದ ಒಂದು ಸುಭಿಕ್ಷದ ಕಾಲ.

2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ, ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿದ್ದ ಔಷಧವನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುತ್ತೇನೆಂದಿತು. 2002ರಲ್ಲಿ ಜಾಗತಿಕ ನಿಧಿ ಹುಟ್ಟಿತು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಕಾರ್ಯಕ್ರಮ ಕರ್ನಾಟಕವೂ ಸೇರಿ ಆರು ರಾಜ್ಯಗಳಿಗೆ ಬಂತು. 2004ರ ಏಪ್ರಿಲ್ 1ರಿಂದ ಸರ್ಕಾರ ಪುಕ್ಕಟೆ ಮಾತ್ರೆ ಕೊಡಲು ತೊಡಗಿತು. ಹೆದ್ದಾರಿಯ ಲಾರಿ ನಿಲ್ದಾಣಗಳಲ್ಲಿ, ಲೈಂಗಿಕ ವೃತ್ತಿಯ ಹೆಂಗಸರ ನಡುವೆ, ಅವರಲ್ಲೇ ಒಬ್ಬರಾಗಿ ನಿಂತು ತಿಳಿಹೇಳುವ ಜನ ತಯಾರಾದರು. ನಾಲೆ ತುಂಬಿ ಹರಿದ ವರ್ಷಗಳವು.

2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದವು. ವರ್ಷ ವರ್ಷವೂ ಏರುತ್ತಿದ್ದ ಶ್ರೀಮಂತ ಸರ್ಕಾರಗಳ ಏಡ್ಸ್ ನೆರವು ನಿಂತಲ್ಲೇ ನಿಂತಿತು, 2010ರಲ್ಲಿ ಇಳಿದೇಬಿಟ್ಟಿತು. 2011ರ ನವೆಂಬರಿನಲ್ಲಿ ಜಾಗತಿಕ ನಿಧಿ ತನ್ನ ಹನ್ನೊಂದನೆಯ ಸುತ್ತಿನ ಅನುದಾನವನ್ನೇ ರದ್ದು ಮಾಡಿತು. ಅದೇ ಕಾಲಕ್ಕೆ ಆವಾಹನ್ ಕೂಡ ಮೊದಲೇ ಗೊತ್ತುಮಾಡಿಕೊಂಡಂತೆ ತನ್ನ ಕೆಲಸವನ್ನು ಹಂತಹಂತವಾಗಿ ಸರ್ಕಾರಕ್ಕೆ ಒಪ್ಪಿಸುತ್ತಿತ್ತು. 2014ರಲ್ಲಿ ಕೇಂದ್ರದ ಹಣ ರಾಜ್ಯಗಳ ಖಜಾನೆಯ ಮೂಲಕ ಬರಬೇಕೆಂಬ ಏರ್ಪಾಡಾಯಿತು. ಹಣ ತಡವಾಗಿ ಹಲವು ರಾಜ್ಯಗಳಲ್ಲಿ ಕಾರ್ಯಕರ್ತರ ಸಂಬಳ ನಿಂತಿತು.

ಇಂಥ ಹೊತ್ತಿನಲ್ಲಿ ಮೊದಲು ಕತ್ತರಿ ಬೀಳುವುದು ಮಾತ್ರೆಗಲ್ಲ, ಮಾತಿಗೆ. ಮಾತ್ರೆ ನಿಂತರೆ ಸಾಯುವವರ ಮುಖ ಕಾಣುತ್ತದೆ, ಕೂಗು ಏಳುತ್ತದೆ. ತಿಳಿಹೇಳುವವರ ಓಡಾಟ ನಿಂತರೆ ಆ ವರ್ಷ ಯಾರೂ ಸಾಯುವುದಿಲ್ಲ. ಎಷ್ಟೋ ವರ್ಷದ ಮೇಲೆ ಲೆಕ್ಕ ಬರುತ್ತದೆ. ಅಷ್ಟರಲ್ಲಿ ಉಳಿತಾಯ ಮಾಡಿದ ಅಧಿಕಾರಿ ನಿವೃತ್ತನಾಗಿರುತ್ತಾನೆ.

ಈಗ ಹೊರಗಿನ ಕೈಗಡ ಬಹಳಷ್ಟು ಕಡಿಮೆಯಾಗಿದೆ. 2021ರಿಂದ 2026ರವರೆಗಿನ ಐದನೆಯ ಹಂತಕ್ಕೆ ನಿಗದಿಯಾದ 15,471.94 ಕೋಟಿ ರೂಪಾಯಿ ಪೂರ್ತಿ ಕೇಂದ್ರ ಸರ್ಕಾರದ್ದೇ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ದಿಢೀರನೆ ತಡೆಹಿಡಿದಾಗ ಆಫ್ರಿಕದ ಅನೇಕ ಕಡೆ ಚಿಕಿತ್ಸಾಲಯಗಳು ಮುಚ್ಚಿದವು. ನಮ್ಮಲ್ಲಿ ಮಾತ್ರೆ ಹಂಚುವ ಕೆಲಸ ಅದಕ್ಕಾಗಿ ನಿಲ್ಲಲಿಲ್ಲ. ಸ್ವಂತ ಬಾವಿಯ ಬೆಲೆ ಗೊತ್ತಾಗುವುದು ನಾಲೆ ನಿಂತಾಗಲೇ.

ಆದರೆ ಸ್ವಂತ ಬಾವಿ ಇದ್ದರೂ ಕೊನೆಯ ಗದ್ದೆಗೆ ನೀರು ತಾನಾಗಿ ಹರಿಯುವುದಿಲ್ಲ. ಮೊನ್ನೆ ಅತ್ತಿಗೆಯೊಡನೆ ಇದನ್ನೆಲ್ಲ ಹೇಳುತ್ತಿದ್ದೆ. ಆಕೆ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡು, "ಮಾತ್ರೆ ಕೊಡ್ತಾರಪ್ಪ, ಇಲ್ಲ ಅನ್ನಂಗಿಲ್ಲ. ಬಸ್ಸೂ ಈಗ ಹೆಂಗಸ್ರಿಗೆ ಪುಕ್ಕಟೆ ಆಗೇತಿ. ದಾವಣಗೆರೆಗೆ ಹೋದ ದಿನದ ಕೂಲಿ ಯಾರು ಕೊಡ್ತಾರೆ?" ಅಂದಳು. ಕೋಟಿಗಳ ಲೆಕ್ಕ ಬರೆಯುವವರು ಯಾವ ಕಾಲಂನಲ್ಲಿ ಆ ಒಂದು ದಿನದ ಕೂಲಿಯನ್ನು ಬರೆಯುತ್ತಾರೋ, ಅದನ್ನು ನೋಡುವ ಆಸೆ ನನಗಿದೆ.