ನಾರು ಹೆಣೆದ ಸೆರಾಮಿಕ್: ಶೀಘ್ರ ಎಳೆತದ ಅಧ್ಯಯನದ ಇತಿಹಾಸ

ಸೆರಾಮಿಕ್ ಕಾವಿಗೆ ಗಟ್ಟಿ, ಎಳೆತಕ್ಕೆ ದುರ್ಬಲ. ಶೇ. 0.1ರಷ್ಟು ಹಿಗ್ಗಿದರೆ ಸಾಕು, ಒಡೆದೇಹೋಗುತ್ತದೆ. ಒಳಗೆ ಇಂಗಾಲದ ಇಲ್ಲವೆ ಸಿಲಿಕಾನ್ ಕಾರ್ಬೈಡ್‌ನ ನಾರು ಹೆಣೆದರೆ ಬಿರುಕು ನಾರಿನ ಮೈಗೆ ತಾಗಿ ಪಕ್ಕಕ್ಕೆ ಹೊರಳುತ್ತದೆ. ನಾರುಗಳು ಬಿರುಕಿನ ಎರಡೂ ಅಂಚನ್ನು ಹಿಡಿದಿಟ್ಟು ಕೊನೆಗೆ ಒಂದೊಂದಾಗಿ ಕಿತ್ತು ಬರುತ್ತವೆ. ಹಾಗಾಗಲು ನಾರಿನ ಸುತ್ತಲಿನ ಹಿಡಿತವನ್ನು ಬೇಕೆಂದೇ ಸ್ವಲ್ಪ ಸಡಿಲ ಇಡುತ್ತಾರೆ.

ವೇಗದ ಎಳೆತದ ಪ್ರಶ್ನೆ ಈ ವಸ್ತುಗಳಿಗಿಂತ ಹಳೆಯದು. 1872ರಲ್ಲಿ ಜಾನ್ ಹಾಪ್ಕಿನ್ಸನ್ ಕಬ್ಬಿಣದ ತಂತಿಯ ಮೇಲೆ ಭಾರ ಬೀಳಿಸಿ, ತಂತಿ ಕಡಿಯುವುದು ಭಾರಕ್ಕಿಂತ ಅದು ಬೀಳುವ ವೇಗವನ್ನು ಅವಲಂಬಿಸಿದೆ ಎಂದು ಕಂಡರು. ಮಗ ಬರ್ಟ್ರಮ್ 1914ರಲ್ಲಿ ರೂಪಿಸಿದ ಸರಳಿನ ಉಪಕರಣವನ್ನು ಹರ್ಬರ್ಟ್ ಕೋಲ್ಸ್ಕಿ 1949ರಲ್ಲಿ ಎರಡು ಸರಳಿನದಾಗಿಸಿದರು. 1960ರಲ್ಲಿ ಹಾರ್ಡಿಂಗ್, ವುಡ್, ಕ್ಯಾಂಬೆಲ್ ಅದನ್ನು ಎಳೆತಕ್ಕೆ ಒಗ್ಗಿಸಿದರು. ಸೆರಾಮಿಕ್ ನಾರಿಗೆ ದಾರಿ ತೆರೆದವರು ಜಪಾನಿನ ಸೇಶಿ ಯಾಜಿಮಾ, 1975ರಲ್ಲಿ.

ಪ್ರಯೋಗದ ತೊಡಕು ಇರುವುದು ಕಾಲದಲ್ಲಿ. ಶೇ. 0.5 ಹಿಗ್ಗಿ ಮುರಿಯುವ ತುಂಡನ್ನು ಸೆಕೆಂಡಿಗೆ 100ರ ವಿಕೃತಿ ದರದಲ್ಲಿ (ಹಿಗ್ಗುವ ವೇಗದಲ್ಲಿ) ಎಳೆದರೆ ಎಲ್ಲವೂ 50 ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಒತ್ತಡದ ಅಲೆ ತುಂಡಿನುದ್ದಕ್ಕೂ ಹಲವು ಸಲ ಹೋಗಿ ಬಂದು ಸಮನಾಗಬೇಕು. ಇಲ್ಲದಿದ್ದರೆ ಬಂದ ಅಂಕಿ ವಸ್ತುವಿನದಲ್ಲ, ಅಲೆಯದು. ಕಾರ್ಬನ್–ಸಿಲಿಕಾನ್ ಕಾರ್ಬೈಡ್ ಮೇಲಿನ ಹಲವು ಪ್ರಯೋಗಗಳಲ್ಲಿ ವೇಗ ಹೆಚ್ಚಿದಂತೆ ಕರ್ಷಣ ಬಲವೂ ಏರಿದೆ. ಆದರೆ ಆ ಏರಿಕೆಯನ್ನು ನಂಬಿ ಭಾಗವನ್ನು ತೆಳುಗೊಳಿಸುವುದು ಸರಿಯಲ್ಲ: ಹೊಡೆತ ಬಿದ್ದ ಬದಿ ಉಳಿದರೂ ಬೆನ್ನ ಬದಿ ಎಳೆತಕ್ಕೆ ಸಿಕ್ಕಿ ಸೀಳಬಹುದು.

ಭಾರತದಲ್ಲಿ ಈ ಕುಟುಂಬದ ವಸ್ತುವಿಗೆ ಹೈದರಾಬಾದ್ ಒಂದು ಪ್ರಮುಖ ನೆಲೆ. ಕಾಂಚನ್‌ಬಾಗ್‌ನ ರಕ್ಷಣಾ ಪ್ರಯೋಗಾಲಯಗಳಲ್ಲಿ ಅಗ್ನಿ ಕ್ಷಿಪಣಿಯ ಮೂತಿಗೆ ಕಾರ್ಬನ್–ಕಾರ್ಬನ್ (ಇಂಗಾಲದೊಳಗೆ ಇಂಗಾಲದ ನಾರು ಹೆಣೆದ ವಸ್ತು) ಕವಚ ಸಿದ್ಧವಾಯಿತು. ಅಗ್ನಿ ಮೊದಲು ಹಾರಿದ್ದು 1989ರ ಮೇ 22ರಂದು, ಒಡಿಶಾದ ಚಾಂದೀಪುರದಿಂದ. ನಗರದ ನಿಜಾಮ್ಸ್ ಆಸ್ಪತ್ರೆಯ ಮೂಳೆತಜ್ಞರೊಬ್ಬರು ಕ್ಷಿಪಣಿ ವಿಜ್ಞಾನಿ ಅಬ್ದುಲ್ ಕಲಾಂ ಅವರ ಪ್ರಯೋಗಾಲಯಕ್ಕೆ ಬಂದಾಗ ಈ ಹಗುರ ವಸ್ತುವನ್ನು ಕೈಯಲ್ಲೆತ್ತಿ ನೋಡಿದರು. ಅದರ ಫಲವಾಗಿ, ಕಾಲಿಗೆ ಆಸರೆಯಾಗಿ ಕಟ್ಟಿದ 3 ಕಿಲೋ ತೂಕದ ಲೋಹದ ಕ್ಯಾಲಿಪರ್ ಎಳೆದುಕೊಂಡು ನಡೆಯುತ್ತಿದ್ದ ಮಕ್ಕಳಿಗೆ 300 ಗ್ರಾಂನದು ದೊರೆಯಿತು. ಕ್ಷಿಪಣಿ ವಿದ್ಯೆಯಿಂದ ಬಂದ ಇಷ್ಟು ನೇರವಾದ ಉಪಕಾರ ಅಪರೂಪ.

ಅತಿ ಕಠಿಣ ಪಾಠ ಬಂದದ್ದು 2003ರ ಫೆಬ್ರವರಿ 1ರಂದು, ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಅಮೆರಿಕದ ಬಾಹ್ಯಾಕಾಶ ಶಟಲ್ ಕೊಲಂಬಿಯಾದಲ್ಲಿ ಮಡಿದಾಗ. ಉಡಾವಣೆಯ ವೇಳೆ ಕಿತ್ತು ಬಂದ ಹಗುರ ಫೋಮ್ ಚೂರು ರೆಕ್ಕೆಯ ಕಾರ್ಬನ್–ಕಾರ್ಬನ್ ಅಂಚಿಗೆ ಬಡಿದಿತ್ತು. ಅಷ್ಟಕ್ಕೆ ಅದು ಒಡೆಯಲಾರದೆಂದು ಹಲವರು ನಂಬಿದ್ದರು. ಜುಲೈ 7ರಂದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಮುಕ್ಕಾಲು ಕಿಲೋ ಫೋಮನ್ನು ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಅಂಥದೇ ಫಲಕಕ್ಕೆ ಹೊಡೆದರು. ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು. 2005ರಲ್ಲಿ ಹಾರಾಟ ಮತ್ತೆ ಶುರುವಾದ ಮೇಲೆ ಪ್ರತಿ ಶಟಲ್‌ನ ಈ ಅಂಚನ್ನು ಕಕ್ಷೆಯಲ್ಲೇ ಪರೀಕ್ಷಿಸಲಾಗುತ್ತಿತ್ತು.