ಪೇಪರ್ ಬೇಡ, ಡೆಮೊ ತೋರಿಸಿ ಅಂದರು

1991ರ ಡಿಸೆಂಬರ್. ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿ 'ಹೈಪರ್‌ಟೆಕ್ಸ್ಟ್ 91' ಅನ್ನೋ ಸಮ್ಮೇಳನ. ಜಿನೀವಾದ ಸರ್ನ್ ಪ್ರಯೋಗಾಲಯದ ಇಬ್ಬರು, ಟಿಮ್ ಬರ್ನರ್ಸ್-ಲೀ ಮತ್ತು ರಾಬರ್ಟ್ ಕಯೋ, ಅದಕ್ಕೊಂದು ಪ್ರಬಂಧ ಕಳಿಸಿದ್ದರು. ಆಯ್ಕೆ ಆಗಲಿಲ್ಲ. ಬೇಕಿದ್ದರೆ ಬಂದು ಡೆಮೊ ತೋರಿಸಬಹುದು ಅಂತಾಯ್ತು. ಇಬ್ಬರೂ ಕಂಪ್ಯೂಟರ್ ಹೊತ್ತುಕೊಂಡು ಹೋದರು. ಹೋಟೆಲಿನಲ್ಲಿ ಇಂಟರ್ನೆಟ್ ಇರಲಿಲ್ಲ. ಹೋಟೆಲಿನವರನ್ನು ಒಪ್ಪಿಸಿ ಫೋನ್ ಲೈನ್ ಎಳೆಸಿಕೊಂಡು, ಅಲ್ಲಿನ ವಿಶ್ವವಿದ್ಯಾಲಯದ ಮೂಲಕ ಮೋಡೆಮ್‌ನಲ್ಲಿ ಸರ್ನ್‌ಗೆ ಸಂಪರ್ಕ ಸಾಧಿಸಿದರು. ಅವರು ತೋರಿಸಿದ ವಸ್ತುವಿನ ಹೆಸರು ವರ್ಲ್ಡ್ ವೈಡ್ ವೆಬ್.

ಈ ಕಥೆ ಹೇಳಿ, ಆಯ್ಕೆ ಸಮಿತಿಯವರನ್ನು ಆಡಿಕೊಂಡು ನಗೋದು ಸುಲಭ. ಆದರೆ ಒಂದು ನಿಮಿಷ ಅವರ ಕುರ್ಚಿಯಲ್ಲಿ ಕೂತು ನೋಡಿ. ಆ ಕಾಲದ ಎಷ್ಟೋ ಹೈಪರ್‌ಟೆಕ್ಸ್ಟ್ ವ್ಯವಸ್ಥೆಗಳಲ್ಲಿ ಕೊಂಡಿಗಳು ಎರಡೂ ಕಡೆಯಿಂದ ಕೆಲಸ ಮಾಡುತ್ತಿದ್ದವು, ಮುರಿಯದ ಹಾಗೆ ಕಾಯುವ ಏರ್ಪಾಡೂ ಇತ್ತು. ವೆಬ್‌ನಲ್ಲಿ ಕೊಂಡಿ ಒಂದೇ ದಿಕ್ಕಿನದ್ದು. ಆ ಕಡೆಯವರು ಪುಟ ಅಳಿಸಿದರೆ ಮುಗೀತು. ಕಾಗದದ ಮೇಲೆ ಇದು ದೌರ್ಬಲ್ಯ. ಓಡುವ ಜಾಲದಲ್ಲಿ ಮಾತ್ರ ಇದೇ ಅದರ ಶಕ್ತಿ. ಯಾರ ಅಪ್ಪಣೆಯೂ ಇಲ್ಲದೆ ಯಾರು ಯಾರಿಗೆ ಬೇಕಾದರೂ ಕೊಂಡಿ ಹಾಕಬಹುದು, ಹಾಗಾಗಿಯೇ ಅದು ಹಬ್ಬಿತು. ಎರಡೇ ವರ್ಷದ ನಂತರ, 1993ರಲ್ಲಿ, ಸಿಯಾಟಲ್‌ನಲ್ಲಿ ಇದೇ ಸಮ್ಮೇಳನ ನಡೆದಾಗ ಅಲ್ಲಿನ ಹೆಚ್ಚುಕಮ್ಮಿ ಎಲ್ಲಾ ಡೆಮೊಗಳಲ್ಲೂ ವೆಬ್‌ನ ನಂಟಿತ್ತು.

ಹಾಗಾದರೆ ನಮ್ಮ ಕಂಪ್ಯೂಟರ್ ಲೋಕದಲ್ಲಿ 'ಸಂಶೋಧನೆ' ಅನ್ನೋದು ಎಲ್ಲಿರುತ್ತೆ? ಎಂಟು-ಹತ್ತು ಪುಟದ ಪ್ರಬಂಧದಲ್ಲೋ, ಪರದೆಯ ಮೇಲೆ ಓಡುವ ವಸ್ತುವಿನಲ್ಲೋ?

ಈ ಜಗಳಕ್ಕೆ ಅರ್ಧ ಶತಮಾನ ದಾಟಿದೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಕಂಪ್ಯೂಟರ್ ಸಮ್ಮೇಳನವೊಂದರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ವೇದಿಕೆ ಹತ್ತಿದರು. ಸುಮಾರು ಒಂದು ಸಾವಿರ ಜನ ಸಭಿಕರು. ತೊಂಬತ್ತು ನಿಮಿಷ. ಕಂಪ್ಯೂಟರ್ ಇದ್ದದ್ದು ಸುಮಾರು 50 ಕಿಲೋಮೀಟರ್ ಆಚೆ, ಮೆನ್ಲೊ ಪಾರ್ಕ್‌ನ ಪ್ರಯೋಗಾಲಯದಲ್ಲಿ. ಮೈಕ್ರೋವೇವ್ ಮೂಲಕ ಚಿತ್ರ ತರಿಸಿ ದೊಡ್ಡ ಪರದೆಗೆ ಬಿಟ್ಟಿದ್ದರು. ತೆರೆಮರೆಯಲ್ಲಿ ನಿಂತು ಇದನ್ನೆಲ್ಲ ಸಂಭಾಳಿಸಿದವರು ಬಿಲ್ ಇಂಗ್ಲಿಷ್, ಮೊದಲ ಮೌಸ್ ಮಾಡಿಕೊಟ್ಟ ಎಂಜಿನಿಯರ್. ಅವತ್ತು ಸಭಿಕರು ಕಂಡದ್ದೇನು? ಮೌಸ್, ಪರದೆಯ ಮೇಲೇ ಬರಹ ತಿದ್ದೋದು, ಕೊಂಡಿ ಒತ್ತಿ ಇನ್ನೊಂದು ಕಡೆ ಜಿಗಿಯೋದು, ದೂರದಲ್ಲಿರುವವರ ಮುಖ ನೋಡುತ್ತಾ ಒಂದೇ ಕಡತದಲ್ಲಿ ಕೆಲಸ ಮಾಡೋದು. ಉದಾಹರಣೆಗೆ ಎಂಗೆಲ್‌ಬಾರ್ಟ್ ಆರಿಸಿಕೊಂಡದ್ದು ಮನೆಗೆ ತರಬೇಕಾದ ದಿನಸಿಯ ಪಟ್ಟಿ! ನಮ್ಮ ಇವತ್ತಿನ ಆಫೀಸಿನ ಅರ್ಧ ದಿನ ಅಲ್ಲೇ ಇತ್ತು ನೋಡಿ.

ಅದೇ ಸಮ್ಮೇಳನದ ನಡಾವಳಿಯಲ್ಲಿ ಎಂಗೆಲ್‌ಬಾರ್ಟ್ ಮತ್ತು ಇಂಗ್ಲಿಷ್ ಇಬ್ಬರ ಪ್ರಬಂಧವೂ ಅಚ್ಚಾಗಿದೆ. ಆದರೆ ಲೋಕ ನೆನಪಿಟ್ಟುಕೊಂಡದ್ದು ಅವತ್ತು ಚಿತ್ರೀಕರಿಸಿದ ಫಿಲ್ಮನ್ನು. ಮುಂದೆ ಅದಕ್ಕೆ 'ಎಲ್ಲಾ ಡೆಮೊಗಳ ತಾಯಿ' ಅನ್ನೋ ಹೆಸರೂ ಬಂತು.

ಗ್ರಾಫಿಕ್ಸ್‌ನವರಿಗೆ ಈ ಸತ್ಯ ಬೇಗ ಹೊಳೆಯಿತು. ಚಲಿಸುವ ಚಿತ್ರದ ಸಂಶೋಧನೆಯನ್ನು ಕಪ್ಪು-ಬಿಳುಪು ಪುಟದಲ್ಲಿ ಹೇಗೆ ತೋರಿಸ್ತೀರಿ? ಟಾಮ್ ಡಿಫಾಂಟಿ ಅವರ ಮುಂದಾಳತ್ವದಲ್ಲಿ 1979ರಲ್ಲಿ 'ಸಿಗ್ರಾಫ್ ವಿಡಿಯೊ ರಿವ್ಯೂ' ಶುರುವಾಯ್ತು. ಪತ್ರಿಕೆಯ ಸಂಚಿಕೆಯ ಹಾಗೆ ವಿಡಿಯೊ ಟೇಪುಗಳನ್ನೇ ಹೊರತರುವ ಯೋಜನೆ ಅದು. ಮರುವರ್ಷ ಸಿಯಾಟಲ್‌ನ ಸಿಗ್ರಾಫ್‌ನಲ್ಲಿ, ಬೋಯಿಂಗ್‌ನ ಉದ್ಯೋಗಿ ಲೋರೆನ್ ಕಾರ್ಪೆಂಟರ್ 'ವೋಲ್ ಲಿಬ್ರ್' ಎಂಬ ಎರಡು ನಿಮಿಷದ ಚಿತ್ರ ತೋರಿಸಿದರು. ಮ್ಯಾಂಡೆಲ್‌ಬ್ರಾಟ್‌ರ ಫ್ರ್ಯಾಕ್ಟಲ್ ಗಣಿತ ಓದಿ, ತ್ರಿಕೋನಗಳನ್ನು ಒಡೆದು ಒಡೆದು ಕಟ್ಟಿದ ಬೆಟ್ಟಗಳ ನಡುವೆ ಹಾರಾಟ. ನೋಡುತ್ತಿದ್ದವರಲ್ಲಿ ಲ್ಯೂಕಸ್‌ಫಿಲ್ಮ್‌ನ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಇದ್ದರು. ಕಾರ್ಪೆಂಟರ್‌ಗೆ ಕೆಲಸ ಸಿಕ್ಕಿತು. ಆ ವಿಧಾನವನ್ನು ವಿವರಿಸುವ, ಇನ್ನಿಬ್ಬರ ಜೊತೆ ಬರೆದ ದೊಡ್ಡ ಲೇಖನ ಪ್ರಕಟವಾದದ್ದು 1982ರಲ್ಲಿ.

1986ರಲ್ಲಿ ಡಲ್ಲಾಸ್‌ನ ಸಿಗ್ರಾಫ್‌ಗೆ ಪಿಕ್ಸಾರ್‌ನವರು 'ಲಕ್ಸೊ ಜೂನಿಯರ್' ತಂದರು. ದೊಡ್ಡ ಟೇಬಲ್ ಲ್ಯಾಂಪ್, ಚಿಕ್ಕ ಟೇಬಲ್ ಲ್ಯಾಂಪ್, ಒಂದು ಚೆಂಡು, ಅಷ್ಟೇ. ಪ್ರದರ್ಶನದ ನಂತರ ಗ್ರಾಫಿಕ್ಸ್‌ನ ಘಟಾನುಘಟಿ ಜಿಮ್ ಬ್ಲಿನ್ ಹತ್ತಿರ ಬಂದಾಗ, ನೆರಳಿನ ಲೆಕ್ಕಾಚಾರದ ಬಗ್ಗೆ ಏನೋ ಕಷ್ಟದ ಪ್ರಶ್ನೆ ಬರುತ್ತೆ ಅಂದುಕೊಂಡಿದ್ದರಂತೆ ನಿರ್ದೇಶಕ ಜಾನ್ ಲ್ಯಾಸೆಟರ್. ಬ್ಲಿನ್ ಕೇಳಿದ್ದು, ಆ ದೊಡ್ಡ ಲ್ಯಾಂಪು ಅಮ್ಮನೋ ಅಪ್ಪನೋ ಅಂತ! ನೆರಳಿನ ತಂತ್ರದ ಪ್ರಬಂಧ, ಅನಿಮೇಷನ್ ತತ್ವಗಳ ಬಗ್ಗೆ ಲ್ಯಾಸೆಟರ್ ಬರೆದ ಪ್ರಬಂಧ, ಎರಡೂ ಬಂದದ್ದು ಮುಂದಿನ ವರ್ಷ. ಮೊದಲು ಕಣ್ಣಿಗೆ, ಆಮೇಲೆ ಕಾಗದಕ್ಕೆ.

ಇಷ್ಟು ಹೇಳಿದ ಮೇಲೆ, "ಹಾಗಾದರೆ ಪೇಪರ್ ಯಾಕ್ರೀ, ಡೆಮೊ ಸಾಕು" ಅನ್ನೋ ತೀರ್ಮಾನಕ್ಕೆ ಬಂದುಬಿಡಬೇಡಿ. ನಮ್ಮೂರ ಕಡೆ ಯಕ್ಷಗಾನದ ಪ್ರಸಂಗ ಪುಸ್ತಕ ಅಂತ ಇರುತ್ತೆ. ಪದ್ಯಗಳೆಲ್ಲ ಅದರಲ್ಲಿವೆ. ಆದರೆ ಚೆಂಡೆಯ ಪೆಟ್ಟು, ಕುಣಿತ, ಆ ಕ್ಷಣಕ್ಕೆ ಹುಟ್ಟುವ ಅರ್ಥಗಾರಿಕೆ ಅದರಲ್ಲಿಲ್ಲ. ಬರೀ ಪುಸ್ತಕ ಓದಿ ಆಟ ನೋಡಿದೆ ಅನ್ನೋಕಾಗಲ್ಲ. ಆದರೆ ಆ ಪುಸ್ತಕ ಇದೆ ಅಂತಲೇ ಇನ್ನೊಂದು ಮೇಳ, ಇನ್ನೊಂದು ಊರಲ್ಲಿ, ಅದೇ ಪ್ರಸಂಗ ಆಡಬಲ್ಲದು. ಸಂಶೋಧನಾ ಪ್ರಬಂಧದ ಕೆಲಸವೂ ಅದೇ.

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಅಂತ ಗಾದೆಯೇ ಇದೆ. ಡೆಮೊದಲ್ಲಿ ಕಣ್ಕಟ್ಟು ಎಷ್ಟು ಸುಲಭ ಅಂತ ಐಟಿಯಲ್ಲಿರುವ ನಿಮಗೆ ನಾನು ಹೇಳಬೇಕಾ? ಸರಿಯಾಗಿ ಓಡಿದ ಒಂದು ಸಲದ್ದನ್ನು ರೆಕಾರ್ಡ್ ಮಾಡಿ, ಓಡದ ಒಂಬತ್ತನ್ನು ಬಿಟ್ಟರಾಯ್ತು. ವಿಡಿಯೊ ಹೇಳೋದು 'ಇದು ಆಗುತ್ತೆ' ಅಂತ. 'ಯಾಕೆ ಆಗುತ್ತೆ, ಯಾವಾಗ ಆಗಲ್ಲ' ಅನ್ನೋದಕ್ಕೆ ಬರಹವೇ ಬೇಕು.

ಸಮ್ಮೇಳನಗಳು ನಿಧಾನಕ್ಕೆ ಈ ಎರಡಕ್ಕೂ ಜಾಗ ಮಾಡಿಕೊಟ್ಟವು. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ 1993ರಲ್ಲಿ ಶುರುವಾದ 'ಎಸಿಎಂ ಮಲ್ಟಿಮೀಡಿಯಾ' ಸಮ್ಮೇಳನ 2004ರಿಂದ ಓಪನ್ ಸೋರ್ಸ್ ತಂತ್ರಾಂಶಕ್ಕೇ ಒಂದು ಸ್ಪರ್ಧೆ ಇಟ್ಟಿತು. ಪ್ರಬಂಧದ ಜೊತೆ ಕೊಟ್ಟ ಕೋಡ್, ಡೇಟಾವನ್ನು ಬೇರೆಯವರು ಪರೀಕ್ಷಿಸಿದ್ದಾರೆ ಎಂದು ತೋರಿಸಲು ಎಸಿಎಂ 2016ರಲ್ಲಿ ಬ್ಯಾಡ್ಜ್ ಪದ್ಧತಿ ತಂದಿತು. ಪ್ರಬಂಧಕ್ಕೆ ವಿಡಿಯೊ ಲಗತ್ತಿಸೋದು ಈಗ ಮಾಮೂಲು.

ಉಳಿದಿರೋ ಚಿಂತೆ ಒಂದೇ: ಉಳಿಸಿಕೊಳ್ಳೋದು. ಕಾಗದ ಧೂಳು ಹಿಡಿದರೂ ಕಪಾಟಿನಲ್ಲಿರುತ್ತೆ. ಓಡುವ ವಸ್ತು ಹಾಗಲ್ಲ. ಜಗತ್ತಿನ ಮೊಟ್ಟಮೊದಲ ವೆಬ್ ಪುಟದ ಮೂಲ ರೂಪವನ್ನೇ ಯಾರೂ ಎತ್ತಿಡಲಿಲ್ಲ. 2013ರಲ್ಲಿ ಸರ್ನ್ ಅದನ್ನು ಮತ್ತೆ ಜಾಲಕ್ಕೇರಿಸುವಾಗ ಸಿಕ್ಕಿದ್ದು 1992ರ ಪ್ರತಿ. ಎಂಗೆಲ್‌ಬಾರ್ಟ್ ಡೆಮೊವನ್ನು ನಾವು ಇವತ್ತೂ ನೋಡಬಹುದು, ಯಾಕೆಂದರೆ ಅವತ್ತು ಯಾರೋ ಕ್ಯಾಮೆರಾ ಓಡಿಸಿದ್ದರು, ಆ ಫಿಲ್ಮನ್ನು ಯಾರೋ ಕಾಪಾಡಿದರು.

ನಿಮ್ಮಲ್ಲಿ ಕೆಲವರಾದರೂ ಎಂಟೆಕ್ ಮಾಡುತ್ತಲೋ ಆಫೀಸಿನ ಕೆಲಸದ ಮೇಲೋ ಇಂಥ ಸಮ್ಮೇಳನಗಳಿಗೆ ಬರೆಯುವವರಿದ್ದೀರಿ. ಬರೆಯಿರಿ. ಜೊತೆಗೆ ಓಡುವುದನ್ನೂ ಕಳಿಸಿ, ಓಡದೇ ಇದ್ದದ್ದನ್ನೂ ಹೇಳಿ, ಒಂದು ಪ್ರತಿಯನ್ನು ಜೋಪಾನವಾಗಿ ಎತ್ತಿಡಿ. ಪ್ರಬಂಧ ವಾಪಸ್ ಬಂದು, ಬರೀ ಡೆಮೊ ತೋರಿಸಿ ಅಂದರೆ ಬೇಜಾರು ಮಾಡ್ಕೋಬೇಡಿ. ಮೋಡೆಮ್ ಎತ್ತಿಕೊಂಡು ಹೊರಡಿ.