ಚೀಲದ ಚರಿತ್ರೆ, ಗಂಜಿಯ ಉಪ್ಪು

1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಪಟ್ಟಣದಲ್ಲಿ ದ್ಯುರೆ ಎಂಬ ಶಸ್ತ್ರವೈದ್ಯ, ಗುದದ್ವಾರವಿಲ್ಲದೆ ಹುಟ್ಟಿದ ಕೂಸೊಂದರ ದೊಡ್ಡಕರುಳನ್ನು ಹೊಟ್ಟೆಯ ಎಡಬದಿಗೆ ತೆರೆದ. ಆ ಕೂಸು 45 ವರ್ಷ ಬದುಕಿತು. ಇದು ಕೊಲೊಸ್ಟಮಿ. ಸಣ್ಣಕರುಳನ್ನು ಹೊರತರುವ ಇಲಿಯೊಸ್ಟಮಿ ಹದಕ್ಕೆ ಬರಲು 1952 ಆಯಿತು. ಕರುಳಿನ ತುದಿಯನ್ನು ಅಂಗಿಯ ತೋಳಿನಂತೆ ಹೊರಕ್ಕೆ ಮಡಚಿ ಹೊಲಿಯುವುದನ್ನು ಇಂಗ್ಲೆಂಡಿನ ಬ್ರಯಾನ್ ಬ್ರೂಕ್ ತೋರಿಸಿದರು.

ಜೀವ ಉಳಿಯುವುದು ಬೇರೆ, ನಾಲ್ಕು ಜನರ ನಡುವೆ ಬಾಳುವುದು ಬೇರೆ. ಎರಡನೆಯದಕ್ಕೆ ದಾರಿ ಮಾಡಿದವರು ಡೆನ್ಮಾರ್ಕಿನ ನರ್ಸ್ ಎಲಿಸ್ ಸೋರೆನ್ಸನ್. ಶಸ್ತ್ರಚಿಕಿತ್ಸೆಯಾದ ಸಹೋದರಿ ಸೋರಿಕೆಗೆ ಹೆದರಿ ಮನೆಯಿಂದ ಹೊರಬೀಳದ್ದನ್ನು ಕಂಡು, 1954ರಲ್ಲಿ ಚರ್ಮಕ್ಕೆ ಅಂಟುವ, ಬಳಸಿ ಎಸೆಯುವ ಚೀಲವನ್ನು ಅವರು ಯೋಚಿಸಿದರು.

ಊಟದ ಚರಿತ್ರೆ ಬೇರೆ ಕಡೆಯಿಂದ ಬಂತು. ನೀರು, ಉಪ್ಪು ಹೀರುವುದು ದೊಡ್ಡಕರುಳಿನ ಕೆಲಸ. ಇಲಿಯೊಸ್ಟಮಿಯಲ್ಲಿ ಆ ಕೆಲಸ ತಪ್ಪುತ್ತದೆ. ಹರಿವು ಜಾಸ್ತಿಯಾದಾಗ ಬರಿ ನೀರು ಕುಡಿದಷ್ಟೂ ಅದು ಇನ್ನೂ ಹೆಚ್ಚುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಉಪ್ಪು–ಗ್ಲೂಕೋಸಿನ ನೀರು ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿದರು. ಗ್ಲೂಕೋಸ್ ಜೊತೆಗಿದ್ದರೆ ಸಣ್ಣಕರುಳು ಉಪ್ಪನ್ನು ಒಳಗೆಳೆದುಕೊಳ್ಳುತ್ತದೆ, ನೀರು ಅದರ ಹಿಂದೆ ಹೋಗುತ್ತದೆ. ಅಕ್ಕಿಯ ಪಿಷ್ಟವೂ ಕರುಳಿನಲ್ಲಿ ಗ್ಲೂಕೋಸೇ ಆಗುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಜ್ವರ ಬಂದವರಿಗೆ ಕೊಡುವ ಉಪ್ಪು ಹಾಕಿದ ಗಂಜಿ ತಿಳಿಯದ್ದೂ ಇದೇ ತತ್ವ. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ, ಅದೊಂದೇ ಸಾಲದು. ಹರಿವು ತೀರಾ ಹೆಚ್ಚಿದರೆ ಓಆರ್‌ಎಸ್ ಮತ್ತು ವೈದ್ಯರೇ ಬೇಕು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು ಉಪ್ಪಿನ ಲೆಕ್ಕವನ್ನು ವೈದ್ಯರಲ್ಲಿ ಕೇಳಬೇಕು.

ಅದೇ ಅಡುಗೆಮನೆಯಲ್ಲಿ ಅಪಾಯವೂ ಇದೆ. ಆಟಿ ತಿಂಗಳ ಕಣಿಲೆ, ಅಣಬೆ, ಹಲಸು, ತೆಂಗಿನಕಾಯಿ ಚೂರು ನಾರಿನವು. ಶಸ್ತ್ರಚಿಕಿತ್ಸೆಯ ಮೊದಲ ಕೆಲವು ವಾರ ಕರುಳು ಊದಿಕೊಂಡಿರುವಾಗ ಇವು ಸಿಕ್ಕಿಕೊಳ್ಳಬಹುದು. ಹಾಗೆಂದು ಜನ್ಮವಿಡೀ ಪಥ್ಯ ಬೇಕಿಲ್ಲ. ಆಮೇಲೆ ಒಂದೊಂದಾಗಿ, ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು ತಿಂದು ನೋಡಬಹುದು. ಹರಿವು ನಿಂತು ಹೊಟ್ಟೆನೋವು, ವಾಂತಿ ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕರುಳನ್ನು ಮರಳಿ ಜೋಡಿಸಿದ ಮೇಲೆ ಎಲ್ಲ ಮೊದಲಿನಂತಾಯಿತು ಎಂದು ಮನೆಯವರು ತಿಳಿಯುತ್ತಾರೆ. ಆದರೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ದಿನಕ್ಕೆ ಹಲವು ಸಲ ಅವಸರದಿಂದ ಶೌಚಕ್ಕೆ ಓಡಬೇಕಾಗುತ್ತದೆ. ಆಗಲೂ ಮೆತ್ತಗಿನ ಅನ್ನ, ನೀರುದೋಸೆ, ಬಾಳೆಹಣ್ಣು, ಮೂರು ಹೊತ್ತಿನ ಬದಲು ಆರು ಸಣ್ಣ ಊಟಗಳೇ ಆಸರೆ.

ಚೀಲ ತುಂಬೀತೆಂದು ಊಟ ಬಿಡುವುದು ಮಾತ್ರ ಹಳೆಯ ಹೆದರಿಕೆಯೇ. ಹಸಿದರೂ ಕರುಳು ಸುಮ್ಮನಿರುವುದಿಲ್ಲ, ದೇಹ ಮಾತ್ರ ಸೊರಗುತ್ತದೆ. ಚೀಲ ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಿಕೊಂಡರೆ ಮದುವೆಯ ಪಂಕ್ತಿಯಲ್ಲೂ ಕೂರಬಹುದು. ಎಲಿಸ್ ತನ್ನ ಸಹೋದರಿಗಾಗಿ ಬಯಸಿದ್ದು ಅಷ್ಟನ್ನೇ.